ಶಿಕ್ಷಕರ ಶಿಕ್ಷಕರು

ಊರಿಗೊಂದು ಶಾಲೆ ಬೇಕು, ಶಾಲೆಗೊಬ್ಬ ಶಿಕ್ಷಕನು ಬೇಕು ಎಂಬ ಮಾತನ್ನು ಅಲ್ಲಗಳೆಯುವವರು ಇಂದು ಯಾರೂ ಇಲ್ಲ. ಆದರೆ ಆ ಶಿಕ್ಷಕನನ್ನು ಶಿಕ್ಷಕನನ್ನಾಗಿ ಮಾಡುವವರು ಯಾರು, ಅವರಿಗೆ ಆ ಯೋಗ್ಯತೆಯು ಎಲ್ಲಿಂದ ಬಂದಿತು, ಹಳ್ಳಿಯ ಶಾಲೆಯ ನೆಲದ ಮೇಲೆ ಕುಳಿತ ಐದಾರು ವರ್ಷದ ಕೂಸುಗಳ ಎದುರಿಗೆ ಅವರು ಎಂದಾದರೂ ನಿಂತದ್ದುಂಟೋ ಇಲ್ಲವೋ ಎಂಬ ಪ್ರಶ್ನೆಗಳನ್ನು ಕೇಳುವವರು ಮಾತ್ರ ವಿರಳ. ಕುಂಬಾರನ ಗಡಿಗೆಯನ್ನು ಬಡಿದು ನೋಡಿ ಕೊಳ್ಳುವ ಗೃಹಸ್ಥನು ತನ್ನ ಮಗನ ಗುರುವು ಯಾವ ಆವಿಗೆಯಲ್ಲಿ ಬೆಂದು ಬಂದವನೆಂದು ವಿಚಾರಿಸುವದಿಲ್ಲ. ಆದುದರಿಂದ ಈ ಪ್ರಶ್ನೆಯು ಕನ್ನಡ ನಾಡಿನ ಈ ಉತ್ತರ ಭಾಗದಲ್ಲಿ ಹೇಗೆ ಹುಟ್ಟಿತು, ಅದಕ್ಕೆ ಹಿಂದಿನವರು ಕೊಟ್ಟ ಉತ್ತರವೇನು, ಆ ಉತ್ತರವು ನಡುವೆ ಎಲ್ಲಿ ತಪ್ಪಿಹೋಯಿತು ಎಂಬುದನ್ನು ವಾಚಕರ ಮುಂದಿಡುವದು ಅಪ್ರಸ್ತುತವಾಗಲಾರದು.

ಭೀಮಾ ನದಿಯಿಂದ ಬಹು ದೂರವಲ್ಲದ ಆಲಮೇಲ ಮತ್ತು ಅದರ ಸುತ್ತಣ ಸೀಮೆಯು ವಿದ್ಯೆಗೆ ಹೊಸದಲ್ಲ. ಇದೇ ಸೀಮೆಯ ಇಂಡಿಗೆ ಸಮೀಪವಾಗಿರುವ ಸಾಲೋಟಗಿಯಲ್ಲಿ ಶಕವರ್ಷ 867ರ, ಎಂದರೆ ಕ್ರಿಸ್ತಶಕ 945ರ ಒಂದು ಸ್ತಂಭಶಾಸನವುಂಟು. ಅದು ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಆಳಿಕೆಯ ಕಾಲದ್ದು. ಆ ಅರಸನ ಮಂತ್ರಿಯಾದ ನಾರಾಯಣನೆಂಬವನು ಪಾವಿಟ್ಟಗೆ ಎಂಬ ಅಗ್ರಹಾರದಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬಂದು ನೆಲೆಸಿದರು. ಶಾಲಾ ಪಾವಿಟ್ಟಗೆಯೇ ಜನರ ಬಾಯಲ್ಲಿ ಸವೆದು ಸಾಲೋಟಗಿಯಾಯಿತೆಂದು ವಿದ್ವಾಂಸರು ಊಹಿಸಿರುವರು. ವಿದ್ಯಾರ್ಥಿಗಳ ವಸತಿಗೆಂದು 27 ಮನೆಗಳು, ಅವರ ನಿರ್ವಾಹಕ್ಕೆಂದು ಭೂಮಿ, ಶಾಲೆಯ ದೀಪಗಳಿಗೆಂದು 12 ನಿವರ್ತನ, ಕಲಿಸುವ ಅಧ್ಯಾಪಕನಿಗೆಂದು 50 ನಿವರ್ತನ ಹೊಲವು ಬಿಡಲ್ಪಟ್ಟಿದ್ದಿತು. ಊರಿನಲ್ಲಿ ಮದುವೆ, ಮುಂಜಿ, ಚೌಲಗಳಾದಾಗ ಶಾಲೆಗೆ ಇಂತಿಷ್ಟು ಕಾಣಿಕೆಯು ಸಲ್ಲಬೇಕೆಂದೂ ಅದರಲ್ಲಿ ವಿಧಿಸಿದೆ. ಸಾವಿರ ವರ್ಷಗಳ ಹಿಂದೆ ಈ ಎರೆಯ ಭೂಮಿಯ ಜನರು ಒಂದು ಶಾಲೆಗೆ ಏನೇನು ಬೇಕೆಂಬುದನ್ನು ಇಷ್ಟು ವಿವರವಾಗಿ ಬಲ್ಲವರಾಗಿದ್ದರೆಂಬುದು ಅಭಿಮಾನದ ಸಂಗತಿಯೇ ಸರಿ. ನೆರೆಯ ಕಲಬುರ್ಗಿ ಸೀಮೆಯ ನಾಗಾವಿಯ 1058ರ ಶಾಸನವು ಇನ್ನೂ ದೊಡ್ಡದಾದ ಘಟಿಕಾಸ್ಥಾನವನ್ನು ವರ್ಣಿಸುತ್ತದೆ. ಅಲ್ಲಿ ವೇದವನ್ನು ಕಲಿಯುವವರು 200, ಶಾಸ್ತ್ರವನ್ನು ಕಲಿಯುವವರು 52. ಅವರಿಗೆ ವೇದಾಧ್ಯಾಪಕರು ಮೂವರು, ಶಾಸ್ತ್ರಾಧ್ಯಾಪಕರು ಮೂವರು, ಪುಸ್ತಕಭಂಡಾರವನ್ನು ನೋಡಿಕೊಳ್ಳುವ ಸರಸ್ವತೀಭಂಡಾರಿಗರು ಆರು ಜನರು.

ಈ ಶಾಸನಗಳಲ್ಲಿ ಮನೆಯುಂಟು, ದೀಪವುಂಟು, ಅನ್ನವುಂಟು, ಪುಸ್ತಕವುಂಟು. ಆದರೆ ಅಧ್ಯಾಪಕನು ಕಲಿಸುವ ವಿದ್ಯೆಯನ್ನು ಎಲ್ಲಿ ಕಲಿತನೆಂಬ ಮಾತಿಲ್ಲ. ಅದಕ್ಕೆ ಕಾರಣವು ಅಲಕ್ಷ್ಯವಲ್ಲ. ಆ ಪದ್ಧತಿಯಲ್ಲಿ ಕಲಿಯುವದು, ಕಲಿಸುವದು ಎಂಬ ಎರಡು ಕೆಲಸಗಳ ನಡುವೆ ಗೋಡೆಯೇ ಇರಲಿಲ್ಲ. ಹಿರಿಯ ಶಿಷ್ಯನು ಕಿರಿಯನಿಗೆ ಪಾಠವನ್ನು ಒಪ್ಪಿಸಿಕೊಳ್ಳುತ್ತಲೇ ಗುರುವಾಗುತ್ತಿದ್ದನು. ವಿದ್ಯೆಯು ನಾಲ್ಕು ಪ್ರಕಾರಗಳಿಂದ ಸಾರ್ಥಕವಾಗುವದೆಂದು ಮಹಾಭಾಷ್ಯಕಾರನಾದ ಪತಂಜಲಿಯು ಹೇಳಿರುವನು: ಗುರುವಿನಿಂದ ಪಡೆಯುವ ಕಾಲ, ತಾನೇ ಮನನ ಮಾಡುವ ಕಾಲ, ಇನ್ನೊಬ್ಬರಿಗೆ ಪ್ರವಚನ ಮಾಡುವ ಕಾಲ ಹಾಗೂ ವ್ಯವಹಾರದಲ್ಲಿ ಬಳಸುವ ಕಾಲ. ಇದರಲ್ಲಿ ಮೂರನೆಯ ಮೆಟ್ಟಲನ್ನು ಏರದವನ ವಿದ್ಯೆಯು ಅರೆಯಾಗಿ ಉಳಿಯುವದೆಂಬುದೇ ಅದರ ತಾತ್ಪರ್ಯ.

ಆದರೂ ಬಲ್ಲವನೆಲ್ಲ ಕಲಿಸಬಲ್ಲನೆಂಬ ಭ್ರಾಂತಿಯು ಪ್ರಾಚೀನರಿಗೆ ಇರಲಿಲ್ಲ. ಕಾಲಿದಾಸನ ಮಾಲವಿಕಾಗ್ನಿಮಿತ್ರ ನಾಟಕದಲ್ಲಿ ಗಣದಾಸ, ಹರದತ್ತ ಎಂಬ ಇಬ್ಬರು ನಾಟ್ಯಾಚಾರ್ಯರು ತಮ್ಮೊಳಗೆ ಯಾರು ಹೆಚ್ಚಿನವರೆಂದು ಕಲಹಕ್ಕೆ ನಿಲ್ಲುತ್ತಾರೆ. ಆಗ ಪರಿವ್ರಾಜಿಕೆಯು ಕೊಡುವ ತೀರ್ಪು ಬಹು ಮಾರ್ಮಿಕವಾದುದು. ಕೆಲವರಲ್ಲಿ ವಿದ್ಯೆಯು ತಮ್ಮಲ್ಲಿಯೇ ಚೆನ್ನಾಗಿ ನೆಲೆಸಿರುತ್ತದೆ, ಮತ್ತೆ ಕೆಲವರಿಗೆ ಅದನ್ನು ಇನ್ನೊಬ್ಬರಿಗೆ ಮುಟ್ಟಿಸುವ ಶಕ್ತಿಯು ವಿಶೇಷವಾಗಿರುತ್ತದೆ. ಇವೆರಡೂ ಯಾರಲ್ಲಿ ಕೂಡಿರುವವೋ ಅವನನ್ನೇ ಶಿಕ್ಷಕರ ಮುಂದಾಳಾಗಿ ನಿಲ್ಲಿಸಬೇಕು ಎಂಬುದು ಅವಳ ಅಭಿಪ್ರಾಯ. ಅಮೇರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೀ ಶುಲ್ಮನ್ನರು 1986ರಲ್ಲಿ ಇದಕ್ಕೆ ಹತ್ತಿರವಾದ ಮಾತನ್ನೇ ಹೊಸ ಶಾಸ್ತ್ರದ ಭಾಷೆಯಲ್ಲಿ ಆಡಿದರು. ವಿಷಯದ ಜ್ಞಾನವು ಬೇರೆ, ಬೋಧನೆಯ ಸಾಮಾನ್ಯ ಜ್ಞಾನವು ಬೇರೆ. ಇವೆರಡೂ ಬೆರೆತು ಹುಟ್ಟುವ ಮೂರನೆಯದೊಂದು ಜ್ಞಾನವುಂಟು, ಈ ವಿಷಯವನ್ನು ಈ ಮಗುವಿಗೆ ಹೇಗೆ ತಿಳಿಯಪಡಿಸಬೇಕು, ಮಗುವು ಎಲ್ಲಿ ತಪ್ಪುವದು, ಏಕೆ ತಪ್ಪುವದು ಎಂಬುದನ್ನು ಬಲ್ಲ ಜ್ಞಾನವೇ ಅದು. ಅದೇ ಶಿಕ್ಷಕನ ನಿಜವಾದ ಬಂಡವಲು ಎಂದು ಅವರು ತೋರಿಸಿಕೊಟ್ಟರು. ಆ ಬಳಿಕ ಜಗತ್ತಿನ ವಿದ್ಯಾಪೀಠಗಳು ಅದರ ಮೇಲೆ ಗ್ರಂಥಗಳ ರಾಶಿಯನ್ನೇ ಬರೆದವು.

ಇನ್ನು ಸಾಮಾನ್ಯ ಜನರ ಶಾಲೆಯ ಕಡೆಗೆ ತಿರುಗೋಣ. ಅಗ್ರಹಾರ, ಘಟಿಕಾಸ್ಥಾನಗಳು ಕೆಲವರ ಪಾಲಿನವು. ಒಕ್ಕಲಿಗನ, ವ್ಯಾಪಾರಿಯ, ಕುಲಕರ್ಣಿಯ ಮಕ್ಕಳು ಕಲಿಯುತ್ತಿದ್ದುದು ಗಾಂವಠಿ ಶಾಲೆಯಲ್ಲಿ. ಗುಡಿಯ ಪೌಳಿಯಲ್ಲಿಯೋ ಮಠದ ಕಟ್ಟೆಯ ಮೇಲೋ ಐಗಳು ಅಥವಾ ಪಂತೋಜಿಯು ಮಕ್ಕಳನ್ನು ಕೂಡಿಸಿಕೊಂಡು ಓನಾಮ, ಮಗ್ಗಿ, ಲೆಕ್ಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದನು. ಮಠದಲ್ಲಿ ನಡೆಯುತ್ತಿದ್ದುದರಿಂದಲೇ ಈ ಕಡೆಯ ಕನ್ನಡದಲ್ಲಿ ಶಾಲೆಗೆ ಮಠವೆಂಬ ಹೆಸರೂ ಬಳಕೆಯಲ್ಲಿದ್ದಿತು. ಮರಳಿನ ಮೇಲೆ ಬೆರಳಿನಿಂದ ತಿದ್ದುವದು, ದೊಡ್ಡ ಹುಡುಗನು ಚಿಕ್ಕವನಿಗೆ ಹೇಳಿಕೊಡುವದು ಅಲ್ಲಿಯ ರೂಢಿ. ಆಂಡ್ರೂ ಬೆಲ್ ಎಂಬ ಸ್ಕಾಟ್ಲಂಡದ ಪಾದ್ರಿಯು 1789ರ ತರುವಾಯ ಮದ್ರಾಸಿನ ಅನಾಥಾಲಯವೊಂದನ್ನು ನಡಿಸುವಾಗ ಇದೇ ರೂಢಿಯನ್ನು ಕಂಡು, ಅದನ್ನು ತನ್ನ ಶಾಲೆಯಲ್ಲಿ ಬಳಸಿ, ಇಂಗ್ಲಂಡಕ್ಕೆ ಮರಳಿದ ಮೇಲೆ ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನಿಂದ ಅಲ್ಲಿ ಹರಡಿದನು. ವಿಪರ್ಯಾಸವೆಂದರೆ, ಅರ್ಧ ಶತಮಾನದ ತರುವಾಯ ಶಿಕ್ಷಕರ ಸಿದ್ಧತೆಯ ಯೋಜನೆಯು ಇಂಗ್ಲಂಡದಿಂದ ಈ ದೇಶಕ್ಕೆ ಬಂದಾಗ ಅದರ ಬೇರಿನಲ್ಲಿ ಇಲ್ಲಿಯ ಪಡಸಾಲೆಯ ಮರಳೂ ಒಂದಿಷ್ಟು ಅಂಟಿಕೊಂಡಿದ್ದಿತು!

1818ರಲ್ಲಿ ಪೇಶವಾಯಿಯು ಮುಗಿಯಿತು. ವಿಜಾಪುರ ಸೀಮೆಯ ಕೆಲಭಾಗವು ಸಾತಾರೆಯ ಅರಸನ ಕೈಯಲ್ಲಿದ್ದು 1848ರಲ್ಲಿ ಇಂಗ್ಲಿಷರ ವಶವಾಯಿತು. ಅರಸುಗಳು ಬದಲಾದರೂ ಕಚೇರಿಯ ಭಾಷೆಯು ಬಹುಮಟ್ಟಿಗೆ ಮರಾಠಿಯೇ ಆಗಿದ್ದಿತು. ಸರಕಾರವು ತೆರೆದ ಶಾಲೆಗಳಲ್ಲಿಯೂ ಮರಾಠಿಯೇ ಮೆರೆಯುತ್ತಿದ್ದಿತು. ಮನೆಯಲ್ಲಿ ಅವ್ವನೊಡನೆ ಕನ್ನಡವಾಡುವ ಹುಡುಗನು ಶಾಲೆಯಲ್ಲಿ ಪರಭಾಷೆಯಲ್ಲಿ ಅಕ್ಷರ ಕಲಿಯಬೇಕಾಗಿದ್ದಿತು. ಇದನ್ನು ಕೇವಲ ಸರಕಾರದ ದೋಷವೆನ್ನಲಾಗದು. ಕನ್ನಡದಲ್ಲಿ ಕಲಿಸಬಲ್ಲ ಶಿಕ್ಷಕರು ಎಲ್ಲಿದ್ದರು? ಕನ್ನಡದಲ್ಲಿ ಕ್ರಮವಾದ ಪಾಠದ ಪುಸ್ತಕಗಳು ಎಲ್ಲಿದ್ದವು? ಶಿಕ್ಷಕನಿಲ್ಲದೆ ಕನ್ನಡ ಶಾಲೆಯಿಲ್ಲ, ಕನ್ನಡ ಶಾಲೆಯಿಲ್ಲದೆ ಕನ್ನಡ ಶಿಕ್ಷಕನಿಲ್ಲ. ಬೀಜವೃಕ್ಷನ್ಯಾಯದ ಈ ಸುಳಿಯನ್ನು ಎಲ್ಲಿಯೋ ಒಂದೆಡೆ ಮುರಿಯಬೇಕಾಗಿದ್ದಿತು.

1854ರಲ್ಲಿ ವುಡ್ಡರ ಖಲೀತೆಯು ಬಂದಿತು. ಪ್ರತಿಯೊಂದು ಪ್ರಾಂತದಲ್ಲಿ ವಿದ್ಯಾಖಾತೆಯನ್ನು ತೆರೆಯಬೇಕು, ಶಿಕ್ಷಕರನ್ನು ಸಿದ್ಧಪಡಿಸುವ ಶಾಲೆಗಳನ್ನು ಸ್ಥಾಪಿಸಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ವಿಧಿಸಲ್ಪಟ್ಟಿತು. ಮರುವರ್ಷವೇ ಮುಂಬಯಿ ಇಲಾಖೆಯಲ್ಲಿ ವಿದ್ಯಾಖಾತೆಯು ಹುಟ್ಟಿತು. ಆ ದಶಕದ ಉತ್ತರಾರ್ಧದಲ್ಲಿ ಕನ್ನಡ ಜಿಲ್ಲೆಗಳಿಗಾಗಿ ನಾರ್ಮಲ್ ಸ್ಕೂಲ್ ಎಂಬ ಸಂಸ್ಥೆಯು ಕಣ್ದೆರೆಯಿತು. 1860ರ ದಶಕದಲ್ಲಿ ಅದು ಧಾರವಾಡದಲ್ಲಿ ಟ್ರೇನಿಂಗ್ ಕಾಲೇಜು ಎಂಬ ಹೆಸರಿನಿಂದ ನೆಲೆಗೊಂಡಿತು. ನಾರ್ಮಲ್ ಎಂಬುದು ಲ್ಯಾಟಿನ್ ಭಾಷೆಯ ‘ನಾರ್ಮಾ’ ಎಂಬ ಶಬ್ದದಿಂದ ಬಂದುದು. ಅದರ ಅರ್ಥವು ಬಡಗಿಯ ಮೂಲೆಮಟ್ಟ. ಫ್ರಾನ್ಸಿನಲ್ಲಿ 1794ರಲ್ಲಿ ರಾಜ್ಯಕ್ರಾಂತಿಯ ನಡುವೆ ಹುಟ್ಟಿದ ಶಿಕ್ಷಕರ ಶಾಲೆಗೆ ಈ ಹೆಸರು ಬಂದು, ಅಲ್ಲಿಂದ ಲೋಕದಲ್ಲೆಲ್ಲ ಹಬ್ಬಿತು. ಶಿಕ್ಷಕನು ತನ್ನ ಕೆಲಸವನ್ನು ಯಾವ ಮಟ್ಟಗೋಲಿನಿಂದ ಅಳೆದು ನೋಡಿಕೊಳ್ಳಬೇಕೋ ಆ ಮಟ್ಟವನ್ನು ತೋರಿಸುವ ಶಾಲೆ ಎಂಬುದೇ ಅದರ ಇಂಗಿತ.

ಈ ಸಂಸ್ಥೆಯ ಹಿರಿಮೆಯು ಅದರ ಕಟ್ಟಡದಲ್ಲಿರಲಿಲ್ಲ, ಅಲ್ಲಿ ಕಲಿಸಿದ ಜನರಲ್ಲಿದ್ದಿತು. ಅವರಲ್ಲಿ ಮೊದಲು ನೆನೆಯಬೇಕಾದವರು ಡೆಪ್ಯುಟಿ ಚನ್ನಬಸಪ್ಪನವರು. 1834ರಲ್ಲಿ ಹುಟ್ಟಿದ ಅವರು ಪುಣೆಯಲ್ಲಿ ಇಂಗ್ಲಿಷ್ ವಿದ್ಯೆಯನ್ನು ಪಡೆದು ಬಂದು ನಾರ್ಮಲ್ ಸ್ಕೂಲಿನ ಮುಖ್ಯಾಧ್ಯಾಪಕರಾದರು. ಮುಂದೆ ಶಾಲೆಗಳ ಡೆಪ್ಯುಟಿ ಇನ್‌ಸ್ಪೆಕ್ಟರರಾದುದರಿಂದ ಆ ಹುದ್ದೆಯೇ ಅವರ ಹೆಸರಿಗೆ ಅಂಟಿಕೊಂಡಿತು. ಶೇಕ್ಸ್‌ಪಿಯರನ ಒಂದು ವಿನೋದ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ ಎಂಬ ಹೆಸರಿನಿಂದ ಕನ್ನಡಿಗರಿಗೆ ಹೇಳಿದವರು ಅವರೇ. ವಿದ್ಯಾಖಾತೆಯ ಅಧಿಕಾರಿಯಾಗಿದ್ದ ರಸೆಲ್ ಸಾಹೇಬರ ಬೆಂಬಲವು ದೊರೆತುದರಿಂದ ಮರಾಠಿ ಶಾಲೆಗಳ ಸ್ಥಾನದಲ್ಲಿ ಕನ್ನಡ ಶಾಲೆಗಳನ್ನು ನಿಲ್ಲಿಸುವ ಕಾರ್ಯವನ್ನು ಅವರು ಕೈಕೊಂಡರು. ಆ ಶಾಲೆಗಳಿಗೆ ಬೇಕಾದ ಶಿಕ್ಷಕರನ್ನು ಸಿದ್ಧಪಡಿಸಿದವರೂ ಅವರೇ, ಆ ಶಿಕ್ಷಕರು ಹಳ್ಳಿಯಲ್ಲಿ ಹೇಗೆ ಕಲಿಸುತ್ತಿರುವರೆಂದು ಊರೂರು ಸುತ್ತಿ ನೋಡಿದವರೂ ಅವರೇ. ಈ ಎರಡನೆಯ ಮಾತನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ತಾನು ತಿದ್ದಿ ಕಳಿಸಿದ ಶಿಷ್ಯನನ್ನು ಅವನ ಶಾಲೆಯಲ್ಲಿಯೇ ಹೋಗಿ ಕಾಣುವ ಗುರುವಿಗೆ ತನ್ನ ಬೋಧನೆಯ ಲೋಪವು ಕಣ್ಣಿಗೆ ಕಟ್ಟುವಂತೆ ತಿಳಿಯುವದು. 1881ರಲ್ಲಿ, ಐವತ್ತು ವರ್ಷ ತುಂಬುವ ಮೊದಲೇ ಚನ್ನಬಸಪ್ಪನವರು ತೀರಿಕೊಂಡರು.

ಅವರ ಸಮಕಾಲೀನರಾದ ಗಂಗಾಧರ ಮಡಿವಾಳೇಶ್ವರ ತುರಮರಿಯವರು ನಾರ್ಮಲ್ ಸ್ಕೂಲಿನಲ್ಲಿ ಕನ್ನಡವನ್ನು ಬೋಧಿಸಿದ ಪಂಡಿತರು. ಬಾಣನ ಕಾದಂಬರಿಯನ್ನು ಕನ್ನಡಕ್ಕೆ ತಂದವರು. ಸಂಸ್ಕೃತ ಗದ್ಯದ ಮಹಾರಣ್ಯವನ್ನು ಹೊಕ್ಕು ಹೊರಬಂದ ವಿದ್ವಾಂಸನು ಹಳ್ಳಿಯ ಭಾವೀ ಪಂತೋಜಿಗಳಿಗೆ ವ್ಯಾಕರಣವನ್ನು ಹೇಳುವದು ತನ್ನ ಅಂತಸ್ತಿಗೆ ಕಡಿಮೆಯೆಂದು ಬಗೆಯಲಿಲ್ಲ. ವೆಂಕಟ ರಂಗೋ ಕಟ್ಟಿಯವರು ವಿದ್ಯಾಖಾತೆಯಲ್ಲಿದ್ದು ಪಠ್ಯಗಳನ್ನೂ ಭಾಷಾಂತರಗಳನ್ನೂ ಮಾಡಿದರು. ಮುಂಬಯಿ ಇಲಾಖೆಯ ಕನ್ನಡ ಭಾಗದ ಗ್ಯಾಜೆಟಿಯರನ್ನು 1893ರಲ್ಲಿ ಕನ್ನಡದಲ್ಲಿ ಹೊರತಂದರು. ಶಿಕ್ಷಕರಿಗಾಗಿಯೇ ಹುಟ್ಟಿದ ‘ಮಠಪತ್ರಿಕೆ’ಯು ಈ ಮಂಡಲಿಯ ಕೈಯಲ್ಲಿ ಬೆಳೆಯಿತು. ಐಗಳ ಮಠದ ಹೆಸರನ್ನೇ ಹೊತ್ತ ಆ ಪತ್ರಿಕೆಯು ಮುಂದೆ ‘ಶಾಲಾಪತ್ರಿಕೆ’ಯಾಯಿತು. ರೈಲಿಲ್ಲದ, ಮಳೆಗಾಲದಲ್ಲಿ ಎರೆಮಣ್ಣು ಗಾಲಿಯನ್ನು ನುಂಗುವ ಹಾದಿಗಳ ಕೊನೆಗಿದ್ದ ಒಬ್ಬಂಟಿ ಶಿಕ್ಷಕನಿಗೆ ಅಂಥ ಪತ್ರಿಕೆಯೊಂದೇ ಗುರುಕುಲದ ಸಂಬಂಧವನ್ನು ಉಳಿಸುವ ದಾರವಾಗಿದ್ದಿತು.

ಟ್ರೇನಿಂಗ್ ಕಾಲೇಜಿನ ಕ್ರಮವಾದರೂ ಸರಳವಾದುದು. ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾದ ಹುಡುಗರನ್ನು ಆರಿಸಿ ತರುವದು, ಅವರಿಗೆ ವಿದ್ಯಾರ್ಥಿವೇತನವನ್ನು ಕೊಡುವದು, ಕಲಿಯಬೇಕಾದ ವಿಷಯವನ್ನೂ ಕಲಿಸುವ ರೀತಿಯನ್ನೂ ಒಟ್ಟಿಗೆ ಹೇಳಿಕೊಡುವದು, ಕಾಲೇಜಿಗೆ ಹೊಂದಿದ ಅಭ್ಯಾಸದ ಶಾಲೆಯಲ್ಲಿ ಅವರಿಂದ ಪಾಠ ಮಾಡಿಸಿ ತಪ್ಪುಗಳನ್ನು ತಿದ್ದುವದು. ಒಂದು, ಎರಡು ಅಥವಾ ಮೂರು ವರ್ಷ ಕಲಿತ ಮೇಲೆ ಅದಕ್ಕೆ ತಕ್ಕ ಪ್ರಮಾಣಪತ್ರವನ್ನು ಪಡೆದು ಅವರು ತಮ್ಮ ತಮ್ಮ ಸೀಮೆಗೆ ಮರಳುತ್ತಿದ್ದರು.

ಈ ಆವಿಗೆಯಲ್ಲಿ ಬೆಂದು ಬಂದವರನ್ನು ನೋಡಿದರೆ ಅದರ ಕಾವು ತಿಳಿಯುವದು. ಕನ್ನಡ ಕಾದಂಬರಿಯ ಹಿರಿಯರಾದ ಗಳಗನಾಥರು (1869–1942) ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕಲಿತು ಶಿಕ್ಷಕರಾದವರು. ಕನ್ನಡ ನಾಟಕಕ್ಕೆ ರಂಗವನ್ನು ಕಟ್ಟಿಕೊಟ್ಟ ಶಾಂತಕವಿಗಳು, ಎಂದರೆ ಸಕ್ಕರಿ ಬಾಳಾಚಾರ್ಯರು (1856–1920), ವೃತ್ತಿಯಿಂದ ಶಾಲಾಮಾಸ್ತರರು. ಟ್ರೇನಿಂಗ್ ಕಾಲೇಜಿನ ಅಧ್ಯಾಪಕವರ್ಗಕ್ಕೆ ಸೇರಿದ ರಾಮಚಂದ್ರ ಹಣಮಂತ ದೇಶಪಾಂಡೆಯವರ ಮುಂದಾಳುತನದಲ್ಲಿಯೇ 1890ರ ಜುಲೈ 20ರಂದು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ‘ಸಿರಿಗನ್ನಡಂ ಗೆಲ್ಗೆ’ ಎಂಬ ಘೋಷವನ್ನು ನಾಡಿಗೆ ಕೊಟ್ಟವರು ಅವರೆಂದು ಪ್ರಸಿದ್ಧಿಯಿದೆ. ಆ ಕಾಲಕ್ಕೆ ಕನ್ನಡ ಜಿಲ್ಲೆಗಳಲ್ಲಿ ವಿಶ್ವವಿದ್ಯಾಲಯವಿರಲಿಲ್ಲ. ಪದವಿಗಾಗಿ ಪುಣೆ, ಮುಂಬಯಿಗಳಿಗೆ ಹೋಗಬೇಕಾಗಿದ್ದಿತು. ಆದುದರಿಂದ ಮುಂಬಯಿ ಕರ್ನಾಟಕದಲ್ಲಿ ಕನ್ನಡದ ಪುನರುಜ್ಜೀವನಕ್ಕೆ ತೊಟ್ಟಿಲಾದುದು ವಿಶ್ವವಿದ್ಯಾಲಯವಲ್ಲ, ಪ್ರಾಥಮಿಕ ಶಿಕ್ಷಕರನ್ನು ಸಿದ್ಧಪಡಿಸುವ ಒಂದು ಕಾಲೇಜು ಎಂಬ ಮಾತಿನಲ್ಲಿ ಅತಿಶಯೋಕ್ತಿಯೇನೂ ಇಲ್ಲ.

ಆಲಮೇಲದ ಸೀಮೆಯಲ್ಲಿ ನಿಂತು ನೋಡುವವರಿಗೆ ಇದರ ಬೆಲೆಯು ಇನ್ನೂ ಸ್ಪಷ್ಟವಾಗಿ ಕಾಣುವದು. ಭೀಮೆಯ ಆಚೆಯ ದಂಡೆಯ ಅಫಜಲಪುರದ ಕಡೆಯು 1948ರ ವರೆಗೆ ನಿಜಾಮರ ಆಳಿಕೆಯಲ್ಲಿದ್ದಿತು. ಅಲ್ಲಿ ಮೇಲಿನ ಶಿಕ್ಷಣವು ಉರ್ದುವಿನಲ್ಲಿ ನಡೆಯುತ್ತಿದ್ದಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆಯೂ ಅದೇ. ಹೊಳೆಯ ಎರಡೂ ದಂಡೆಗಳಲ್ಲಿ ಜನರು ಒಂದೇ, ಬೀಸುವ ಕಲ್ಲಿನ ಹಾಡು ಒಂದೇ, ಜೋಳದ ರೊಟ್ಟಿ ಒಂದೇ. ಆದರೆ ಈಚೆಯ ದಂಡೆಯ ಹುಡುಗನಿಗೆ ಅವನ ಮಾತಿನಲ್ಲಿಯೇ ಕಲಿಸಲು ಸಿದ್ಧನಾದ ಶಿಕ್ಷಕನಿದ್ದನು. ಆಚೆಯವನಿಗೆ ಆ ಭಾಗ್ಯವು ದುರ್ಲಭವಾಗಿದ್ದಿತು. ಶಿಕ್ಷಕರನ್ನು ಸಿದ್ಧಪಡಿಸುವ ಸಂಸ್ಥೆಯೊಂದು ಇರುವದಕ್ಕೂ ಇಲ್ಲದಿರುವದಕ್ಕೂ ಇರುವ ಅಂತರವು ಒಂದು ಹೊಳೆಯ ಅಗಲದಲ್ಲಿಯೇ ಅಳೆಯುವಂತಿದ್ದಿತು.

ಇಷ್ಟನ್ನು ಹೇಳಿದ ಮೇಲೆ ಹಿಂದಿನದೆಲ್ಲವೂ ಬಂಗಾರವೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಟ್ರೇನಿಂಗ್ ಪಡೆದ ಶಿಕ್ಷಕರ ಸಂಖ್ಯೆಯು ಶಾಲೆಗಳ ಅಗತ್ಯಕ್ಕೆ ಎಂದೂ ಸಾಲಲಿಲ್ಲ. ಹೆಣ್ಣುಮಕ್ಕಳಿಗೆ ಕಲಿಸಲು ಸ್ತ್ರೀಯರನ್ನೇ ಸಿದ್ಧಪಡಿಸಬೇಕೆಂದು ಮೇರಿ ಕಾರ್ಪೆಂಟರ್ ಎಂಬ ಇಂಗ್ಲಿಷ್ ಮಹಿಳೆಯು 1866ರಲ್ಲಿ ಈ ದೇಶಕ್ಕೆ ಬಂದು ಸಾರಿ ಹೇಳಬೇಕಾಯಿತು. ಎಲ್ಲಕ್ಕಿಂತ ಕಠಿಣವಾದ ನೆನಪು ಧಾರವಾಡದ್ದೇ. 1856ರ ಜೂನ್ ತಿಂಗಳಿನಲ್ಲಿ ಮಹಾರ ಜಾತಿಯ ಒಬ್ಬ ಬಾಲಕನು ಅಲ್ಲಿಯ ಸರಕಾರೀ ಶಾಲೆಯನ್ನು ಸೇರಲು ಬಂದಾಗ ಅವನಿಗೆ ಪ್ರವೇಶವು ನಿರಾಕರಿಸಲ್ಪಟ್ಟಿತು. ಒಬ್ಬನನ್ನು ಸೇರಿಸಿಕೊಂಡರೆ ಉಳಿದವರು ಬಿಟ್ಟು ಹೋಗುವರೆಂಬ ಭಯದಿಂದ ಮುಂಬಯಿ ಸರಕಾರವೂ ಆ ನಿರಾಕರಣವನ್ನೇ ಎತ್ತಿಹಿಡಿಯಿತು. ಸಂಗತಿಯು ಕಲಕತ್ತೆಗೂ ಲಂಡನ್ನಿಗೂ ಹೋಗಿ, ಸರಕಾರೀ ಶಾಲೆಗಳು ಎಲ್ಲ ಜಾತಿಯವರಿಗೂ ತೆರೆದಿರಬೇಕೆಂಬ ತತ್ತ್ವವು ಕಾಗದದ ಮೇಲೆ ಸ್ಥಿರವಾಯಿತು. ಅದು ನೆಲಕ್ಕಿಳಿಯಲು ತಲೆಮಾರುಗಳೇ ಬೇಕಾದವು. ಶಿಕ್ಷಕರನ್ನು ಸಿದ್ಧಪಡಿಸುವ ಸಂಸ್ಥೆಯು ಹುಟ್ಟಿದ ಆ ವರ್ಷಗಳಲ್ಲಿಯೇ, ಆ ನಾಡಿನಲ್ಲಿಯೇ, ಕಲಿಯಲು ಬಂದ ಮಗುವು ಬಾಗಿಲಿನಿಂದ ಹಿಂದಿರುಗಿತು. ಬಸವಣ್ಣನು ಹುಟ್ಟಿದ ಬಾಗೇವಾಡಿಯ ಸೀಮೆಯವರಿಗೆ ಇದು ಹೆಚ್ಚು ನೋವಿನ ಮಾತು. ಬೋಧನಾಕ್ರಮವನ್ನು ಎಷ್ಟೇ ಚೆನ್ನಾಗಿ ಕಲಿತರೂ ಯಾರಿಗೆ ಕಲಿಸಬೇಕೆಂಬ ಧರ್ಮವನ್ನು ಕಲಿಯದ ಶಿಕ್ಷಕನು ಅಪೂರ್ಣನೆಂಬುದಕ್ಕೆ ಬೇರೆ ಸಾಕ್ಷಿಯು ಬೇಕಿಲ್ಲ.

ಇನ್ನು ಈ ವ್ಯವಸ್ಥೆಯು ಸಡಿಲವಾದ ಬಗೆಯನ್ನು ನೋಡಬೇಕು. 1882ರ ಹಂಟರ್ ಆಯೋಗವು ನಾರ್ಮಲ್ ಶಾಲೆಗಳು ಆಯಾ ಪ್ರದೇಶದ ಅಗತ್ಯವನ್ನೆಲ್ಲ ಪೂರೈಸುವಂತೆ ಅಲ್ಲಲ್ಲಿಯೇ ನೆಲೆಗೊಳ್ಳಬೇಕೆಂದಿತು. 1904ರ ಸರಕಾರದ ಠರಾವು ಇನ್ನೂ ಮುಂದೆ ಹೋಗಿ, ಟ್ರೇನಿಂಗ್ ಕಾಲೇಜಿಗೆ ಸಮರ್ಥರಾದ ಅಧ್ಯಾಪಕರನ್ನೇ ತರಬೇಕು, ಅದಕ್ಕೆ ಅಭ್ಯಾಸದ ಶಾಲೆಯಿರಬೇಕು, ಕಾಲೇಜಿಗೂ ಶಾಲೆಗಳಿಗೂ ಸಂಬಂಧವು ಕಡಿಯಬಾರದು, ಕಡಿದರೆ ಶಿಕ್ಷಕನು ಕಲಿತುದನ್ನು ಹೊಸ್ತಿಲಲ್ಲಿಯೇ ಬಿಟ್ಟು ಹೋಗುವನು ಎಂಬರ್ಥದ ಎಚ್ಚರಿಕೆಯನ್ನು ಕೊಟ್ಟಿತು. ಎಚ್ಚರಿಕೆಯನ್ನು ಕೊಡಬೇಕಾಯಿತೆಂದರೆ ರೋಗವು ಆಗಲೇ ಕಾಣಿಸಿಕೊಂಡಿದ್ದಿತೆಂದೇ ಅರ್ಥ. 1906ರಲ್ಲಿ ಮುಂಬಯಿಯಲ್ಲಿ ಹೈಸ್ಕೂಲಿನ ಶಿಕ್ಷಕರಿಗಾಗಿ ಪ್ರತ್ಯೇಕವಾದ ಕಾಲೇಜು ಹುಟ್ಟಿತು. ಅಂದಿನಿಂದ ಶಿಕ್ಷಕರ ಸಿದ್ಧತೆಯಲ್ಲಿ ಎರಡು ಪಂಕ್ತಿಗಳಾದವು: ಪದವೀಧರರಿಗೆ ಒಂದು, ಮುಲ್ಕಿಯವರಿಗೆ ಇನ್ನೊಂದು. ಮೊದಲನೆಯದು ವಿಶ್ವವಿದ್ಯಾಲಯದ ಕಡೆಗೆ ಮುಖ ಮಾಡಿತು, ಎರಡನೆಯದು ವಿದ್ಯಾಖಾತೆಯ ಕಡೆಗೆ. 1923ರ ಪ್ರಾಥಮಿಕ ಶಿಕ್ಷಣದ ಕಾಯದೆಯಿಂದ ಶಾಲೆಗಳ ಆಡಳಿತವು ಸ್ಥಾನಿಕ ಸಂಸ್ಥೆಗಳ ಕೈಗೆ ಬಂದಿತು. ಹೀಗೆ ಶಿಕ್ಷಕನನ್ನು ಸಿದ್ಧಪಡಿಸುವವರು ಒಬ್ಬರು, ಅವನನ್ನು ನೇಮಿಸುವವರು ಇನ್ನೊಬ್ಬರು, ಅವನಿಗೆ ವಿಷಯಜ್ಞಾನವನ್ನು ಕೊಡಬಲ್ಲ ಪಂಡಿತರು ಮತ್ತೊಂದೆಡೆ ಎಂದಾಯಿತು. ಚನ್ನಬಸಪ್ಪನವರಂಥವರಲ್ಲಿ ಒಂದಾಗಿದ್ದ ಎಳೆಗಳು ಒಂದೊಂದಾಗಿ ಬಿಚ್ಚಿಕೊಂಡವು.

ಕಾಲೇಜಿನ ಪ್ರಾಧ್ಯಾಪಕನಿಗಾದರೂ ಶಾಲೆಯು ದೂರದ ಊರಾಯಿತು. ಗಣಿತದಲ್ಲಿ ಪಾರಂಗತನಾದವನಿಗೆ ಎಂಟು ವರ್ಷದ ಹುಡುಗನು ಕೈದಶಕವನ್ನು ಏಕೆ ಮರೆಯುವನೆಂಬುದು ತಿಳಿಯದು. ತಿಳಿಯಬೇಕೆಂದು ಅವನಿಗೆ ಅನ್ನಿಸುವದೂ ಇಲ್ಲ. ಶಿಕ್ಷಣಶಾಸ್ತ್ರದ ಅಧ್ಯಾಪಕನು ಬೋಧನಾಕ್ರಮದ ಸೂತ್ರಗಳನ್ನೆಲ್ಲ ಬಲ್ಲನು, ಆದರೆ ಒಂದೇ ಕೋಣೆಯಲ್ಲಿ ನಾಲ್ಕು ಇಯತ್ತೆಗಳನ್ನು ಕೂಡಿಸಿಕೊಂಡು ಕುಳಿತ ಹಳ್ಳಿಯ ಶಿಕ್ಷಕನ ದಿನಚರಿಯನ್ನು ಅವನು ಅನುಭವಿಸಿ ಅರಿತವನಲ್ಲ. ಹಳ್ಳಿಯ ಶಿಕ್ಷಕನು ಮಗುವನ್ನು ಬಲ್ಲನು, ಆದರೆ ಅವನ ಮಾತನ್ನು ಕೇಳುವವರಿಲ್ಲ. ಮೂವರಲ್ಲಿಯೂ ಒಂದೊಂದು ಪಾಲು ಜ್ಞಾನವುಂಟು. ಮೂವರೂ ಒಂದೆಡೆ ಕೂಡುವ ಜಗಲಿಯೇ ಇಲ್ಲ.

ಆದರೂ ಈ ಸೀಮೆಯ ಶಿಕ್ಷಕರು ಕೇವಲ ಕೈಕಟ್ಟಿ ಕುಳಿತವರಲ್ಲ. ಇಂಡಿ ಸೀಮೆಯ ಹಲಸಂಗಿಯ ಗೆಳೆಯರನ್ನು ನೆನೆದರೆ ಸಾಕು. ಮಧುರಚೆನ್ನರ ಸುತ್ತ ನೆರೆದ ಆ ಬಳಗದಲ್ಲಿ ಚಡಚಣದ ಸಿಂಪಿ ಲಿಂಗಣ್ಣನವರು ಪ್ರಾಥಮಿಕ ಶಾಲೆಯ ಶಿಕ್ಷಕರು. ಬೀಸುವ, ಕುಟ್ಟುವ ಹೆಂಗಸರ ಬಾಯಿಂದ ಆ ಗೆಳೆಯರು ಕೂಡಿಸಿದ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಯಿತು. ಅದನ್ನು ಸಾಹಿತ್ಯದ ಸಂಗತಿಯೆಂದು ಎಲ್ಲರೂ ಎಣಿಸುವರು. ಅದು ಶಿಕ್ಷಣದ ಸಂಗತಿಯೂ ಹೌದು. ಮಗುವು ಶಾಲೆಗೆ ಬರಿಗೈಯಿಂದ ಬರುವದಿಲ್ಲ, ಅವ್ವನ ಹಾಡು, ಒಗಟು, ಲೆಕ್ಕ, ನುಡಿಗಟ್ಟುಗಳ ಗಂಟನ್ನು ಹೊತ್ತುಕೊಂಡೇ ಬರುವದು. ಆ ಗಂಟನ್ನು ಬಿಚ್ಚಿ ನೋಡಬಲ್ಲವನೇ ಶಿಕ್ಷಕನು. ಕನ್ನಡವನ್ನು ಮನೆಯ ಬಾಗಿಲಿನಿಂದ ಶಾಲೆಯ ಬಾಗಿಲಿಗೆ ತಂದವರು ಧಾರವಾಡದ ಹಿರಿಯರಾದರೆ, ಮನೆಯೊಳಗಿನ ಕನ್ನಡದಲ್ಲಿ ಏನೇನಿದೆಯೆಂದು ನಾಡಿಗೆ ತೋರಿಸಿದವರು ಈ ಸೀಮೆಯ ಗೆಳೆಯರು.

1956ರಲ್ಲಿ ಕನ್ನಡ ಸೀಮೆಗಳು ಒಂದಾದವು. ಭೀಮೆಯ ಎರಡು ದಂಡೆಗಳೂ ಒಂದೇ ರಾಜ್ಯದವಾದವು. ಕೋಠಾರಿ ಆಯೋಗವು 1964ರಿಂದ 1966ರ ವರೆಗೆ ದೇಶದ ಶಿಕ್ಷಣವನ್ನೆಲ್ಲ ಪರೀಕ್ಷಿಸಿ, ಶಿಕ್ಷಕರ ಸಿದ್ಧತೆಗೆ ತಗುಲಿದ ರೋಗವನ್ನು ಹೆಸರಿಟ್ಟು ಹೇಳಿತು. ಅದು ಏಕಾಂತದ ರೋಗ. ಶಿಕ್ಷಕರ ಕಾಲೇಜುಗಳು ವಿಶ್ವವಿದ್ಯಾಲಯದ ವಿದ್ವತ್ ಜೀವನದಿಂದ ದೂರ, ಶಾಲೆಗಳಿಂದ ದೂರ, ತಮ್ಮ ತಮ್ಮೊಳಗೂ ದೂರ. ಈ ಮೂರು ಗೋಡೆಗಳನ್ನು ಕೆಡವಬೇಕೆಂದು ಅದು ಸೂಚಿಸಿತು. ಅದಕ್ಕೆ ಮೊದಲೇ 1963ರಲ್ಲಿ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು ತೆರೆದಿದ್ದಿತು. ಅಲ್ಲಿ ವಿಷಯಜ್ಞಾನವನ್ನೂ ಬೋಧನಾಕ್ರಮವನ್ನೂ ನಾಲ್ಕು ವರ್ಷಗಳ ಒಂದೇ ಪಾಠಕ್ರಮದಲ್ಲಿ ಹೆಣೆಯುವ, ಆವರಣದಲ್ಲಿಯೇ ಮಾದರಿ ಶಾಲೆಯೊಂದನ್ನು ನಡಿಸುವ ಪ್ರಯೋಗವು ಆರಂಭವಾಯಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ಜಿಲ್ಲೆಗೊಂದು ಶಿಕ್ಷಣ ಮತ್ತು ತರಬೇತಿ ಸಂಸ್ಥೆಯು ಹುಟ್ಟಿತು. ವಿಜಾಪುರಕ್ಕೂ ಅದು ಬಂದಿತು. 2012ರಲ್ಲಿ ನ್ಯಾಯಮೂರ್ತಿ ವರ್ಮಾ ಆಯೋಗವು ಮತ್ತೊಮ್ಮೆ ಅದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು, ಶಿಕ್ಷಕರ ಸಿದ್ಧತೆಯು ಬಹುಶಾಸ್ತ್ರಗಳ ಕಾಲೇಜುಗಳಲ್ಲಿಯೇ ನಡೆಯಬೇಕೆಂದೂ, ಯಾವ ಶಾಸ್ತ್ರದಲ್ಲಿಯೇ ಆಗಲಿ ಡಾಕ್ಟರ್ ಪದವಿಗೆ ಹೊಸದಾಗಿ ಸೇರುವವರು ತಮ್ಮ ವಿಷಯವನ್ನು ಕಲಿಸುವ ರೀತಿಯನ್ನೂ ಕಲಿಯಬೇಕೆಂದೂ ಹೇಳಿತು.

ವುಡ್ಡರಿಂದ ಈಚೆಗೆ ಹೀಗೆ ನೂರ ಅರುವತ್ತು ವರ್ಷಗಳಿಗೂ ಹೆಚ್ಚು ಕಾಲ ಆಯೋಗಗಳೂ ನೀತಿಗಳೂ ಹೇಳುತ್ತ ಬಂದಿರುವದು ಮೂಲತಃ ಒಂದೇ ಮಾತನ್ನು: ಬಲ್ಲವನೂ ಕಲಿಸುವವನೂ ಮಗುವನ್ನು ಅರಿತವನೂ ಒಂದಾಗಬೇಕು. ಅದನ್ನು ನೀತಿಯ ಪುಟದಲ್ಲಿ ಬರೆಯುವದು ಸುಲಭ. ಕಾಲೇಜೊಂದರ ಮಹಾದ್ವಾರದಲ್ಲಿ ಶಿಕ್ಷಣ ವಿಭಾಗವೆಂಬ ಫಲಕವನ್ನು ತೂಗಹಾಕಿದ ಮಾತ್ರಕ್ಕೆ ಭೌತಶಾಸ್ತ್ರದ ಪ್ರಾಧ್ಯಾಪಕನಿಗೆ ಶಾಲೆಯ ಜ್ಞಾನವು ಬರುವದಿಲ್ಲ. ಒಂದೇ ಸೂರಿನ ಕೆಳಗೆ ಇಬ್ಬರು ಅಪರಿಚಿತರಾಗಿ ಬಾಳುವದೂ ಸಾಧ್ಯ. ಅವನು ಶಾಲೆಗೆ ಹೋಗಬೇಕು, ಮರಳಿ ಮರಳಿ ಹೋಗಬೇಕು, ಹಿಂದಿನ ಬಾಕಿನಲ್ಲಿ ಕುಳಿತು ನೋಡಬೇಕು, ಪ್ರಾಥಮಿಕ ಶಿಕ್ಷಕನನ್ನು ಕಿರಿಯನೆಂದಲ್ಲ, ತನಗೆ ತಿಳಿಯದುದನ್ನು ಬಲ್ಲ ಸಹೋದ್ಯೋಗಿಯೆಂದು ಕೇಳಬೇಕು. ಹಾಗೆಯೇ ಶಾಲೆಯಲ್ಲಿ ಬಹುಕಾಲ ದುಡಿದ ಶಿಕ್ಷಕನಿಗೆ ಶಿಕ್ಷಕರ ಕಾಲೇಜಿನಲ್ಲಿ ಬೋಧಿಸುವ ಪೀಠವು ದೊರೆಯಬೇಕು. ಧಾರವಾಡದ ಹಿರಿಯರು ಮಾಡಿದುದು ಇದನ್ನೇ. ಅವರಲ್ಲಿ ಹೊಸ ಶಾಸ್ತ್ರವೇನೂ ಇರಲಿಲ್ಲ. ಕಾಲೇಜಿನಿಂದ ಹಳ್ಳಿಗೆ, ಹಳ್ಳಿಯಿಂದ ಕಾಲೇಜಿಗೆ ಹೋಗಿಬರುವ ಹಾದಿಯನ್ನು ಅವರು ಹುಲ್ಲು ಬೆಳೆಯಗೊಡಲಿಲ್ಲ.

ಆಲಮೇಲದಿಂದ ವಿಜಾಪುರದ ಕಾಲೇಜುಗಳು ಇಂದು ಕೆಲವು ತಾಸುಗಳ ಹಾದಿ. ಚನ್ನಬಸಪ್ಪನವರ ಕಾಲದಲ್ಲಿ ಅಷ್ಟು ದೂರಕ್ಕೆ ಚಕ್ಕಡಿಯಲ್ಲಿ ದಿನಗಳೇ ಹಿಡಿಯುತ್ತಿದ್ದವು. ಹಾದಿಯು ಹತ್ತಿರವಾಗಿರುವಾಗ ಮನಸ್ಸು ದೂರವಾಗಬೇಕಾದ ಕಾರಣವಿಲ್ಲ. ಸಾಲೋಟಗಿಯ ಶಾಸನವನ್ನು ಬರೆಯಿಸಿದವರು ಅಧ್ಯಾಪಕನ ಅನ್ನದೊಡನೆ ಶಾಲೆಯ ದೀಪಕ್ಕೂ 12 ನಿವರ್ತನ ಹೊಲವನ್ನು ತೆಗೆದಿರಿಸಿದ್ದರು. ಎಣ್ಣೆಯನ್ನು ದಿನದಿನವೂ ಎರೆಯದಿದ್ದರೆ ದೀಪವು ಉಳಿಯದೆಂಬುದನ್ನು ಅವರು ಬಲ್ಲರು. ಶಿಕ್ಷಕನ ವಿದ್ಯೆಯೂ ಅಂಥದೇ. ಅದಕ್ಕೆ ಎಣ್ಣೆಯನ್ನು ಎರೆಯಬೇಕಾದವರು ಕಾಲೇಜಿನ ವಿದ್ವಾಂಸರು. ಆ ಕರ್ತವ್ಯವನ್ನು ಅವರೂ, ಅದನ್ನು ಅವರಿಂದ ಕೇಳಿ ಪಡೆಯುವ ಹಕ್ಕನ್ನು ಈ ಸೀಮೆಯ ತಾಯಿತಂದೆಗಳೂ ಮರೆಯದಿರಲಿ.